ನಿಮಗಿದು ಗೊತ್ತೇ? ಊರಿನ ಕರೆಂಟು, ಊರಿನ ಲೆಕ್ಕ

● ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. 12ನೆಯದು ಇಂಧನ ಮತ್ತು ಮೇವು, 14ನೆಯದು ವಿತರಣೆಯೂ ಸೇರಿದಂತೆ ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ನಗರಸಭೆ, ಮಹಾನಗರ ಪಾಲಿಕೆಗಳಿಗಾಗಿ ಇರುವ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಇಂಧನದ ಹೆಸರೇ ಇಲ್ಲ, ಬೀದಿದೀಪ ಮಾತ್ರ ಇದೆ. ಅಂದರೆ ಕರೆಂಟಿನ ವಿಚಾರದಲ್ಲಿ ದೊಡ್ಡ ನಗರದ ಪಾಲಿಕೆಗಿಂತ ನಿಮ್ಮೂರ ಗ್ರಾಮ ಪಂಚಾಯತಿಗೆ ಸಂವಿಧಾನ ಹೆಚ್ಚು ಜಾಗ ಕೊಟ್ಟಿದೆ. ಕರ್ನಾಟಕದಲ್ಲಿ ಆರು ಸಾವಿರಕ್ಕೆ ಸ್ವಲ್ಪ ಕಡಿಮೆ ಗ್ರಾಮ ಪಂಚಾಯತಿಗಳಿವೆ. ಇಷ್ಟೂ ಕಡೆ ಈ ಅವಕಾಶ ಇದೆ ಎಂಬುದೇ ಬಹಳ ಸದಸ್ಯರಿಗೆ ತಿಳಿದಿಲ್ಲ ಎಂಬುದು ನನ್ನ ಕೊರಗು.

● ಪಂಚಾಯತಿಗೆ ಬರುವ ಕರೆಂಟು ಬಿಲ್ ಕೈಗೆ ಸಿಕ್ಕರೆ ದರದ ವರ್ಗ ಯಾವುದೆಂದು ನೋಡಿ. ಎಲ್‌ಟಿ-6(ಎ) ಎಂದಿದ್ದರೆ ಅದು ಕುಡಿಯುವ ನೀರಿನ ಪಂಪು. ಎಲ್‌ಟಿ-6(ಬಿ) ಎಂದಿದ್ದರೆ ಬೀದಿದೀಪ. ಹಳ್ಳಿಯ ಸ್ಥಳೀಯ ಸರ್ಕಾರ ಬಳಸುವ ಕರೆಂಟೆಲ್ಲ ಹೆಚ್ಚುಕಮ್ಮಿ ಈ ಎರಡು ಸಾಲುಗಳಲ್ಲಿ ಮುಗಿಯಿತು. ಊರಿನ ಇಂಧನ ಯೋಜನೆ ಮಾಡಲು ಹೊರಟವರು ಮೊದಲು ಕೇಳಬೇಕಾದ್ದು ಹನ್ನೆರಡು ತಿಂಗಳ ಈ ಎರಡು ಬಿಲ್‌ಗಳನ್ನು. ಸೋಲಾರ್ ಫಲಕದ ಮಾತು ಆಮೇಲೆ.

● ಹಗಲು ಉರಿಯುವ ಬೀದಿದೀಪ ಎಷ್ಟು ತಿನ್ನುತ್ತದೆ? ಲೆಕ್ಕ ಹಾಕೋಣ. 20 ವ್ಯಾಟ್‌ನ ನೂರು ಎಲ್‌ಇಡಿ ದೀಪಗಳು ಇರುವ ಒಂದು ಊರು. ರಾತ್ರಿ ಉರಿದ ಮೇಲೆ ಹಗಲಿನ ಹನ್ನೆರಡು ಗಂಟೆಯೂ ಉರಿದರೆ ದಿನಕ್ಕೆ 24 ಯೂನಿಟ್, ವರ್ಷಕ್ಕೆ 8,760 ಯೂನಿಟ್ ವ್ಯರ್ಥ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾದರೆ ಈ ಒಂದೇ ಊರಿನ ಹಗಲು ದೀಪದಿಂದ ವರ್ಷಕ್ಕೆ ಆರು ಟನ್.

ದೀಪ ಹಗಲೂ ಯಾಕೆ ಉರಿಯುತ್ತದೆ ಎಂಬುದನ್ನು ಕಂಬದ ಹತ್ತಿರ ಹೋಗಿ ನೋಡಿದರೆ ತಿಳಿಯುತ್ತದೆ. ಎಷ್ಟೋ ಊರುಗಳಲ್ಲಿ ಬೀದಿದೀಪಕ್ಕೆ ಬೇರೆ ತಂತಿಯನ್ನೇ ಎಳೆದಿಲ್ಲ. ಮನೆಗಳಿಗೆ ಹೋಗುವ ಲೈನಿಗೇ ದೀಪವನ್ನು ಸಿಕ್ಕಿಸಿರುತ್ತಾರೆ, ಸ್ವಿಚ್ಚೂ ಇಲ್ಲ, ಮೀಟರೂ ಇಲ್ಲ. ಸ್ವಿಚ್ಚು ಇರುವಲ್ಲಿ ಅದನ್ನು ಸಂಜೆ ಹಾಕಿ ಬೆಳಗ್ಗೆ ಆರಿಸುವವನು ಪಂಚಾಯತಿಯ ವಾಟರ್‌ಮನ್. ನೀರು ಬಿಡುವುದು, ವಾಲ್ವ್ ತಿರುಗಿಸುವುದು, ಪೈಪು ಒಡೆದರೆ ಓಡುವುದು ಎಲ್ಲ ಅವನದೇ. ಅವನು ನೆಂಟರ ಮದುವೆಗೆ ಹೋದ ದಿನ ದೀಪ ಆರುವುದಿಲ್ಲ. ಬೀದಿದೀಪಕ್ಕೆ ಪ್ರತ್ಯೇಕ ತಂತಿ, ಒಂದು ಮೀಟರು, ಕತ್ತಲಾದಾಗ ತಾನೇ ಹತ್ತಿಸಿ ಬೆಳಕಾದಾಗ ಆರಿಸುವ ಟೈಮರ್ ಪೆಟ್ಟಿಗೆ, ಇಷ್ಟು ಮಾಡಿದರೆ ಹೊಸ ಬಲ್ಬು ಒಂದನ್ನೂ ಕೊಳ್ಳದೆ ಬಿಲ್ ಇಳಿಯುತ್ತದೆ. ಆ ಮನುಷ್ಯನ ಹೊರೆಯೂ ಇಳಿಯುತ್ತದೆ.

● 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಮೊದಲು ಹೊತ್ತಿದ್ದು ಈಗಿನ ಕೆ.ಆರ್. ಮಾರುಕಟ್ಟೆಯ ಬಳಿ. ಕರೆಂಟು ಬಂದದ್ದು ಶಿವನಸಮುದ್ರದಿಂದ. ಅಲ್ಲಿ 1902ರಲ್ಲಿ ಶುರುವಾದ ಜಲವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಹಾಗಾಗಿ ಬೆಂಗಳೂರಿನ ಮೊದಲ ಬೀದಿದೀಪ ಕಲ್ಲಿದ್ದಲಿನ ಹೊಗೆಯಿಲ್ಲದ ದೀಪ.

● 2014ರಲ್ಲಿ ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ ಒಂದು ಎಲ್‌ಇಡಿ ಬಲ್ಬನ್ನು 310 ರೂಪಾಯಿಗೆ ಖರೀದಿಸಿತ್ತು. 2016ರ ಹೊತ್ತಿಗೆ ಖರೀದಿ ಬೆಲೆ 38 ರೂಪಾಯಿಗೆ ಇಳಿಯಿತು. ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೆ ಟೆಂಡರ್ ಕರೆದದ್ದೇ ಇದಕ್ಕೆ ಮುಖ್ಯ ಕಾರಣ. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2015ರ ಜನವರಿ 5ರಂದು. ಸಣ್ಣ ಪಟ್ಟಣ ಪಂಚಾಯತಿಗಳು ಒಂಟಿಯಾಗಿ ಟೆಂಡರ್ ಕರೆಯುವ ಬದಲು ಜಿಲ್ಲೆಯವೆಲ್ಲ ಸೇರಿ ಕರೆದರೆ ಏನಾಗಬಹುದು ಎಂಬುದಕ್ಕೆ ಈ 38 ರೂಪಾಯಿ ಉತ್ತರ ಕೊಡುತ್ತದೆ.

● ಕಾಸರಗೋಡು ಜಿಲ್ಲೆಯ ಪೀಲಿಕ್ಕೋಡು ಗ್ರಾಮ ಪಂಚಾಯತಿಯಲ್ಲಿ ಹಳೆಯ ತಂತಿ ಬಲ್ಬು, ಅಂದರೆ ಕೆಂಪಗೆ ಕಾದು ಉರಿಯುವ ಬಲ್ಬು, ಒಂದೂ ಉಳಿದಿಲ್ಲ ಎಂದು ಕೇರಳ ಸರ್ಕಾರ ಘೋಷಿಸಿತು. ದೇಶದಲ್ಲಿ ಅಂಥ ಮೊದಲ ಪಂಚಾಯತಿ ಅದು. ಆ ಬಲ್ಬು ತಿನ್ನುವ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಶಾಖವಾಗಿ ಹೋಗುತ್ತದೆ. ನಮಗೆ ಬೇಕಾದ ಬೆಳಕು ಉಳಿದ ಚೂರು ಮಾತ್ರ.

● ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪು ಒಂದು ಚೂರೂ ನಷ್ಟ ಮಾಡುವುದಿಲ್ಲ ಎಂದಿಟ್ಟುಕೊಂಡರೂ, 1.4 ಯೂನಿಟ್‌ನಷ್ಟು ಶಕ್ತಿ ಬೇಕೇ ಬೇಕು. ನಿಜದ ಪಂಪು, ನಿಜದ ಪೈಪುಗಳಲ್ಲಿ ಇನ್ನೂ ಹೆಚ್ಚು. ಮೇಲಿನ ಟ್ಯಾಂಕು ತುಂಬಿ ಸಾವಿರ ಲೀಟರ್ ಚರಂಡಿಗೆ ಹರಿದರೆ, 9 ವ್ಯಾಟ್‌ನ ಬಲ್ಬು ನೂರೈವತ್ತು ಗಂಟೆ ಉರಿಯುವಷ್ಟು ಕರೆಂಟೂ ಅದರ ಜೊತೆ ಹರಿಯಿತು.

ಈ ಕಾವೇರಿ ಯೋಜನೆಯ ಐದನೇ ಹಂತದ, ದಿನಕ್ಕೆ 77.5 ಕೋಟಿ ಲೀಟರ್ ನೀರು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಈಗ ದಿನಕ್ಕೆ 222 ಕೋಟಿ ಲೀಟರ್‌ಗೂ ಹೆಚ್ಚು ನೀರನ್ನು ಹೀಗೆ ಎತ್ತುವ ವ್ಯವಸ್ಥೆ ಇದೆ. ಹೀಗೆ ಎತ್ತಿ ತಂದ ನೀರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೋರಿಕೆಯಲ್ಲೂ ಲೆಕ್ಕವಿಲ್ಲದ ಬಳಕೆಯಲ್ಲೂ ಕಳೆದುಹೋದ ವರ್ಷಗಳಿವೆ. ಪೈಪಿನ ಸೋರಿಕೆ ನಿಲ್ಲಿಸುವವರು ನೀರನ್ನಷ್ಟೇ ಉಳಿಸುತ್ತಿಲ್ಲ. ಮಳೆನೀರು ಕೊಯ್ಲಿಗೂ ಇದೇ ಮಾತು. ಚಾವಣಿಯ ಮೇಲೆ ಬಿದ್ದ ನೀರನ್ನು ಯಾರೂ 500 ಮೀಟರ್ ಎತ್ತಬೇಕಿಲ್ಲ.

● ಇಂದೋರ್‌ನ ಕಷ್ಟವೂ ಇಂಥದ್ದೇ. ನರ್ಮದಾ ನೀರನ್ನು ಜಲೂದ್ ಎಂಬಲ್ಲಿಂದ ಸುಮಾರು 70 ಕಿಲೋಮೀಟರ್ ದೂರ ಎತ್ತಿ ತರಬೇಕು. ಆ ಪಂಪುಗಳ ಬಿಲ್ ಇಳಿಸಲು ಪಾಲಿಕೆ 60 ಮೆಗಾವ್ಯಾಟ್‌ನ ಸೌರ ಸ್ಥಾವರ ಹಾಕಲು ಹೊರಟು, 2023ರ ಫೆಬ್ರುವರಿಯಲ್ಲಿ 244 ಕೋಟಿ ರೂಪಾಯಿಯ ಹಸಿರು ಬಾಂಡ್ ಬಿಡುಗಡೆ ಮಾಡಿತು. ಸಾಮಾನ್ಯ ಜನರೂ ಕೊಳ್ಳಬಹುದಾದ ಬಾಂಡ್ ಅದು. ಬೇಡಿಕೆ ಬಂದದ್ದು 700 ಕೋಟಿಗೂ ಮೇಲೆ. ನಗರದ ನೀರಿನ ಪಂಪಿಗೆ ನಾಗರಿಕರೇ ಸಾಲ ಕೊಡಲು ಮುಂದೆ ಬಂದರು ಎಂಬುದನ್ನು ನಮ್ಮ ಮಹಾನಗರ ಪಾಲಿಕೆಗಳ ಸದಸ್ಯರು ಗಮನವಿಟ್ಟು ಓದಬೇಕು.

● ಸೂರತ್ ಪಾಲಿಕೆ 2003ರಲ್ಲೇ ಕೊಳಚೆ ನೀರು ಶುದ್ಧೀಕರಿಸುವ ಅಂಜನಾ ಘಟಕದಲ್ಲಿ ಹುಟ್ಟುವ ಅನಿಲದಿಂದ ಕರೆಂಟು ತಯಾರಿಸಲು ಶುರುಮಾಡಿತು. ಆ ಕರೆಂಟು ಮೊದಲು ಉಪಯೋಗವಾಗುವುದು ಅದೇ ಘಟಕದ ಮೋಟರುಗಳಿಗೆ.

● ನೂರು ಲೀಟರ್ ತಣ್ಣೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಕರೆಂಟು ಬೇಕು. ನೂರು ಮನೆಗಳ ಬಡಾವಣೆಯಲ್ಲಿ ಎಲ್ಲರೂ ಬೆಳಗ್ಗೆ ಆರರಿಂದ ಎಂಟರೊಳಗೆ ಗೀಸರ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಏದುಸಿರು ಬಿಡುತ್ತದೆ. ಕರ್ನಾಟಕ ಸರ್ಕಾರ 2007ರಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಬಂತು. ಬೆಂಗಳೂರಿನ ತಾರಸಿಗಳ ಮೇಲೆ ಇಷ್ಟೊಂದು ಹೀಟರುಗಳು ಸಾಲುಗಟ್ಟಿ ಕಾಣಿಸುವುದರ ಹಿಂದೆ ಈ ನಿಯಮದ ಕೈ ಇದೆ.

● ಇಂಥ ನಿಯಮವನ್ನು ನಗರ ಮಟ್ಟದಲ್ಲಿ ಮೊದಲೇ ಮಾಡಿ ಹೆಸರಾದದ್ದು ಸ್ಪೇನಿನ ಬಾರ್ಸಿಲೋನಾ. 2000ದಿಂದ ಅಲ್ಲಿನ ದೊಡ್ಡ ಹೊಸ ಕಟ್ಟಡಗಳು ಬಿಸಿನೀರಿನ ಶೇ 60ರಷ್ಟನ್ನು ಬಿಸಿಲಿನಿಂದಲೇ ಕಾಯಿಸಿಕೊಳ್ಳಬೇಕು.

● ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿ ತಂದಿತು. ಐದು ವರ್ಷದಲ್ಲಿ 300 ಚದರ ಕಿಲೋಮೀಟರ್ ಚಾವಣಿಗೆ ಬಿಸಿಲನ್ನು ಹಿಂದಕ್ಕೆ ಎರಚುವ ಬಣ್ಣ ಅಥವಾ ಹೆಂಚು ಹಾಕುವ ಗುರಿ. ತಗಡಿನ ಮನೆಯಲ್ಲಿ ಏಪ್ರಿಲ್ ತಿಂಗಳು ಕಳೆದವರಿಗೆ ಇದರ ಬೆಲೆ ಗೊತ್ತು. ಇಲ್ಲಿ ಉಳಿಯುವುದು ಫ್ಯಾನು, ಕೂಲರಿನ ಕರೆಂಟು ಮಾತ್ರವಲ್ಲ, ರಾತ್ರಿಯ ನಿದ್ದೆ ಕೂಡ.

● ಈಗ ಸ್ವಲ್ಪ ನಿಂತು ಹೇಳಬೇಕಾದ ಒಂದು ಕಥೆ. ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ, ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುತ್ತ ಅಲ್ಲಿಗೆ ಹೋಯಿತು. ಊರಿನ ದನಗಳ ಸಗಣಿಯೆಲ್ಲ ಒಂದೆಡೆ ಸೇರಿಸಿ ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಅದು ಕೈಗೂಡಲಿಲ್ಲ. ಎಲ್ಲರ ಅಡುಗೆಗೆ ಸಾಕಾಗುವಷ್ಟು ಸಗಣಿ ಇರಲಿಲ್ಲ. ಸೌದೆಯನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿರಲಿಲ್ಲ, ಆರಿಸಿ ತರುತ್ತಿದ್ದರು. ಹಾಗಾಗಿ ಗ್ಯಾಸಿನಿಂದ ಕೈಯಲ್ಲಿ ಕಾಸು ಉಳಿಯುವುದೂ ಇರಲಿಲ್ಲ.

ಆಗ ಊರಿನವರಿಗೆ ನಿಜಕ್ಕೂ ಏನು ಬೇಕು ಎಂದು ವಿಚಾರಿಸಿದರು. ಬೇಕಾದದ್ದು ಕುಡಿಯುವ ಒಳ್ಳೆಯ ನೀರು, ಆಮೇಲೆ ಮನೆಗೆ ಬೆಳಕು. 1987ರಲ್ಲಿ ಅದೇ ಅನಿಲವನ್ನು ಒಂದು ಸಣ್ಣ ಡೀಸೆಲ್ ಎಂಜಿನ್ನಿಗೆ ಊಡಿಸಿ 5 ಕಿಲೋವ್ಯಾಟ್ ವಿದ್ಯುತ್ ತಯಾರಿಸಿ, ಅದರಿಂದ ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಬೆಳಗ್ಗೆ ಮನೆಯವರು ಸಗಣಿ ಬುಟ್ಟಿ ತಂದು ತೂಕ ಮಾಡಿಸುತ್ತಿದ್ದರು. ತಂದುಕೊಟ್ಟದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ಪೈಸೆ. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ, ಅವರವರು ಕೊಟ್ಟ ಸಗಣಿಯ ಪಾಲಿಗೆ ತಕ್ಕಂತೆ ವಾಪಸ್. ಘಟಕ ನೋಡಿಕೊಳ್ಳಲು ಊರಿನದೇ ಹುಡುಗರು, ಲೆಕ್ಕ ನೋಡಲು ಊರಿನದೇ ಸಮಿತಿ. ಅದೇ ಸಗಣಿ, ಅದೇ ತೊಟ್ಟಿ. ಬದಲಾದದ್ದು ಕೇಳಿದ ಪ್ರಶ್ನೆ ಮಾತ್ರ. ಸ್ಥಳೀಯ ಯೋಜನೆ ಮಾಡುವ ಯಾರೇ ಆಗಲಿ ಪುರದ ಈ ಅನುಭವ ಓದದೆ ಕಾಗದಕ್ಕೆ ಪೆನ್ನು ಇಡಬಾರದು ಎಂದು ನಾನು ನಂಬುತ್ತೇನೆ.

● ಅದೇ ಅಮೂಲ್ಯ ರೆಡ್ಡಿಯವರು ಮತ್ತು ಸಂಗಡಿಗರು 1991ರಲ್ಲಿ ಕರ್ನಾಟಕಕ್ಕೆ ಒಂದು ಪರ್ಯಾಯ ವಿದ್ಯುತ್ ಯೋಜನೆ ಬರೆದರು. ಅಧಿಕೃತ ಯೋಜನೆ ಹಿಂದಿನ ಬೇಡಿಕೆಯ ಗೆರೆಯನ್ನೇ ಮುಂದಕ್ಕೆ ಎಳೆದು, 2000ದ ಹೊತ್ತಿಗೆ ಇಷ್ಟು ಸ್ಥಾವರ ಬೇಕು ಎಂದಿತ್ತು. ಇವರು ಇನ್ನೊಂದು ತುದಿಯಿಂದ ಶುರುಮಾಡಿದರು: ಎಷ್ಟು ಮನೆಗೆ ದೀಪ ಬೇಕು, ಎಷ್ಟು ಪಂಪುಸೆಟ್, ಎಷ್ಟು ಬಿಸಿನೀರು, ಪ್ರತಿಯೊಂದನ್ನೂ ಅತ್ಯಂತ ಕಡಿಮೆ ವಿದ್ಯುತ್ತಿನಲ್ಲಿ ಕೊಡುವುದು ಹೇಗೆ? ಹೀಗೆ ಕೂಡಿಸಿದಾಗ ಎಲ್ಲ ಮನೆಗೂ ವಿದ್ಯುತ್ ಕೊಟ್ಟ ಮೇಲೆಯೂ ಬೇಕಾಗುವ ವಿದ್ಯುತ್ ಅಧಿಕೃತ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ಬಂತು. ‘ಡಿಫೆಂಡಸ್’ ಎಂಬ ಈ ವಿಧಾನ ಜಗತ್ತಿನ ಇಂಧನ ತಜ್ಞರ ನಡುವೆ ಹೆಸರು ಮಾಡಿತು. ಹುಟ್ಟಿದ್ದು ನಮ್ಮ ರಾಜ್ಯದ ಲೆಕ್ಕಪುಸ್ತಕದಿಂದ.

● ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಮರದ ತುಂಡುಗಳನ್ನು ಅನಿಲವಾಗಿಸಿ ತಯಾರಿಸಿದ ವಿದ್ಯುತ್ತನ್ನು ಬೆಸ್ಕಾಂ ಗ್ರಿಡ್‌ಗೆ ಮಾರಿದ ಕಾಲವೂ ಇತ್ತು. ರಾಜ್ಯ ಸರ್ಕಾರ ಮತ್ತು ಯುಎನ್‌ಡಿಪಿ ಸೇರಿ ನಡೆಸಿದ ಯೋಜನೆ ಅದು.

● ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯತಿ ಸ್ವಂತ ಗಾಳಿಯಂತ್ರ ಕೊಂಡಿದೆ ಎಂದರೆ ನಂಬುತ್ತೀರಾ? ಅಧ್ಯಕ್ಷರಾಗಿದ್ದ ಆರ್. ಷಣ್ಮುಗಂ ಅವರು ಪಂಚಾಯತಿಯ ಕರೆಂಟು ಬಿಲ್ ಏರುತ್ತಲೇ ಹೋಗುವುದನ್ನು ನೋಡಿ ಒಂದೊಂದೇ ದಾರಿ ಹಿಡಿದರು. ನೀರಿನ ಪಂಪಿಗೆ ಮೊದಲು ಮರದ ತುಂಡಿನ ಗ್ಯಾಸಿಫೈಯರ್ ಬಂತು. ಕೊನೆಗೆ 2006ರಲ್ಲಿ 1.55 ಕೋಟಿ ರೂಪಾಯಿಯ 350 ಕಿಲೋವ್ಯಾಟ್ ಗಾಳಿಯಂತ್ರ. ಅದರಲ್ಲಿ 1.15 ಕೋಟಿ ಬ್ಯಾಂಕ್ ಸಾಲ. ಗಾಳಿ ಚೆನ್ನಾಗಿ ಬೀಸುವುದು ಉಡುಮಲಪೇಟೆಯ ಕಡೆ, ಆದ್ದರಿಂದ ಯಂತ್ರವನ್ನು ನಿಲ್ಲಿಸಿದ್ದು ಅಲ್ಲಿ. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಹುಟ್ಟಿದರೆ ಪಂಚಾಯತಿಗೆ ಬೇಕಾದದ್ದು 4.5 ಲಕ್ಷ. ಉಳಿದದ್ದು ಮಾರಾಟಕ್ಕೆ, ಆ ಹಣ ಸಾಲದ ಕಂತಿಗೆ. ಪಂಚಾಯತಿ ಸಾಲ ಮಾಡಿ ತೀರಿಸಬಲ್ಲದು ಎಂಬ ಧೈರ್ಯ ಇಲ್ಲಿ ನನಗೆ ಯಂತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

● ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಮೀನಂಗಾಡಿ ಪಂಚಾಯತಿ 2016ರಲ್ಲಿ ಇಂಗಾಲ ಸಮತೋಲನದ ಗುರಿ ಹಾಕಿಕೊಂಡಿತು. ಊರು ಹೊರಬಿಡುವಷ್ಟನ್ನು ಊರೇ ಹೀರಿಕೊಳ್ಳಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ ಮರದ ಬ್ಯಾಂಕು. ತೋಟದ ಮರವನ್ನು ರೈತ ಬ್ಯಾಂಕಿಗೆ ಅಡವಿಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ. ಕಡಿಯದೆ ಇದ್ದಷ್ಟು ಕಾಲ ಹಣ ಮರಳಿಸಬೇಕಿಲ್ಲ. ಕಾಫಿ ತೋಟದ ನೆರಳಿನ ಮರಗಳ ಬೆಲೆ ಬಲ್ಲ ಕೊಡಗು, ಹಾಸನ, ಚಿಕ್ಕಮಗಳೂರಿನವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

● ಜಮ್ಮುವಿನ ಸಾಂಬಾ ಜಿಲ್ಲೆಯ ಪಲ್ಲಿ ಪಂಚಾಯತಿಗೆ 500 ಕಿಲೋವ್ಯಾಟ್ ಸೌರ ಸ್ಥಾವರ ಬಂದದ್ದು 2022ರ ಏಪ್ರಿಲ್ 24, ಪಂಚಾಯತಿ ರಾಜ್ ದಿನದಂದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುಜರಾತಿನ ಮೊಢೇರಾ ಹಗಲಿರುಳೂ ಸೌರ ವಿದ್ಯುತ್ತಿನಲ್ಲಿ ನಡೆಯುವ ಊರು ಎಂದು ಘೋಷಣೆಯಾಯಿತು: 6 ಮೆಗಾವ್ಯಾಟ್ ಸ್ಥಾವರ, ಒಂದು ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಫಲಕ, ರಾತ್ರಿಗೆ ಬ್ಯಾಟರಿ.

● ಹಾಸನ ಜಿಲ್ಲೆಯ ಬಿರಡಹಳ್ಳಿ ಗ್ರಾಮ ಪಂಚಾಯತಿ 2025ರಲ್ಲಿ ಹವಾಮಾನ ಕ್ರಿಯೆಗಾಗಿ ಕೊಡುವ ರಾಷ್ಟ್ರೀಯ ವಿಶೇಷ ಪಂಚಾಯತಿ ಪುರಸ್ಕಾರದಲ್ಲಿ ಎರಡನೇ ಸ್ಥಾನ ಪಡೆಯಿತು. ಮೊದಲ ಸ್ಥಾನ ಮಹಾರಾಷ್ಟ್ರದ ಗೊಂದಿಯಾ ಜಿಲ್ಲೆಯ ಡವ್ವಾಕ್ಕೆ.

● ಮುಂಬೈ ಪಾಲಿಕೆ 2022ರ ಮಾರ್ಚ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. ಅದಕ್ಕಾಗಿ ಲೆಕ್ಕ ಹಾಕಿದಾಗ 2019ರಲ್ಲಿ ನಗರ ಹೊರಬಿಟ್ಟದ್ದು 2.34 ಕೋಟಿ ಟನ್ ಹಸಿರುಮನೆ ಅನಿಲ ಎಂದು ತಿಳಿಯಿತು. ಅದರಲ್ಲಿ ಶೇ 72 ಕಟ್ಟಡಗಳ ಮತ್ತು ಕೈಗಾರಿಕೆಗಳ ಇಂಧನದಿಂದ, ಹೆಚ್ಚಿನದು ಕರೆಂಟಿನದೇ. ವಾಹನಗಳ ಪಾಲು ಶೇ 20 ಮಾತ್ರ. ಹೊಗೆ ಎಂದಾಕ್ಷಣ ನಮ್ಮ ಕಣ್ಣು ರಸ್ತೆಯ ಕಡೆಗೆ ಹೋಗುತ್ತದೆ. ದೊಡ್ಡ ಪಾಲು ಇರುವುದು ನಮ್ಮ ಮನೆ, ಕಚೇರಿ, ಅಂಗಡಿಗಳ ಗೋಡೆಯ ಒಳಗೆ.

● ಬೆಂಗಳೂರಿನ ಯೋಜನೆ ಬಂದದ್ದು 2023ರ ನವೆಂಬರ್ 27ರಂದು, ಆಗಿನ ಬಿಬಿಎಂಪಿಯಿಂದ. 2050ರ ಹೊತ್ತಿಗೆ ಇಂಗಾಲ ಸಮತೋಲನ ಅದರ ಗುರಿ. ಬಿಬಿಎಂಪಿ ಈಗ ಇಲ್ಲ, ಅದರ ಜಾಗದಲ್ಲಿ ಐದು ಪಾಲಿಕೆಗಳಿವೆ. ಒಂದು ಪಾಲಿಕೆಗೆಂದು ಬರೆದ ಯೋಜನೆಯನ್ನು ಐವರು ಹಂಚಿಕೊಂಡು ನಡೆಸಬೇಕು. ಯಾವ ಕೆಲಸ ಯಾರ ಮೇಜಿನ ಮೇಲೆ ಎಂಬ ಪಟ್ಟಿಯನ್ನು ಜನರ ಮುಂದೆ ಇಡಬೇಕು.

● ‘ಹವಾಮಾನ ಬಜೆಟ್’ ಎಂದರೇನು? ಹಣದ ಆಯವ್ಯಯದ ಜೊತೆಗೇ, ಈ ವರ್ಷ ನಗರ ಎಷ್ಟು ಟನ್ ಹೊರಬಿಡಬಹುದು, ಯಾವ ಇಲಾಖೆ ಎಷ್ಟು ಇಳಿಸಬೇಕು ಎಂಬ ಲೆಕ್ಕವನ್ನೂ ಮಂಡಿಸುವುದು. ಇದನ್ನು ಶುರುಮಾಡಿದ್ದು ನಾರ್ವೆಯ ಓಸ್ಲೋ, 2016ರಲ್ಲಿ. ಭಾರತದಲ್ಲಿ ಮೊದಲು ಹವಾಮಾನ ಬಜೆಟ್ ವರದಿ ತಂದದ್ದು ಮುಂಬೈ, 2024ರಲ್ಲಿ.

● ಕೆನಡಾದ ಟೊರಾಂಟೊ ನಗರಸಭೆ 1990ರಲ್ಲೇ, ಜಗತ್ತಿನ ದೇಶಗಳು ರಿಯೊ ಸಮಾವೇಶದಲ್ಲಿ ಕೂರುವುದಕ್ಕೂ ಮೊದಲು, ತನ್ನ ಇಂಗಾಲವನ್ನು 2005ರೊಳಗೆ ಶೇ 20 ಇಳಿಸುತ್ತೇನೆಂದು ಠರಾವು ಮಾಡಿತು. ಮರುವರ್ಷ ಹಳೆಯ ಜೈಲಿನ ಹೊಲವೊಂದನ್ನು ಮಾರಿ, ಬಂದ ಹಣದಲ್ಲಿ 2.3 ಕೋಟಿ ಡಾಲರ್ ಮೂಲಧನದ ಒಂದು ನಿಧಿ ಕಟ್ಟಿತು. ಇಂಧನ ಉಳಿತಾಯದ ಕೆಲಸಗಳಿಗೆ ಸಾಲ, ಅನುದಾನ ಕೊಡುವ ಆ ನಿಧಿ ಇವತ್ತಿಗೂ ಇದೆ. ಪಾಲಿಕೆಯ ನಿವೇಶನ ಮಾರಿದ ಹಣ ಎಲ್ಲಿ ಹೋಯಿತು ಎಂದು ಹುಡುಕುವ ನಮಗೆ, ಮೂವತ್ತು ವರ್ಷ ದಾಟಿಯೂ ಅಲ್ಲೇ ಇರುವ ಹಣ ಅಪರೂಪದ ಸುದ್ದಿ.

ಅದೇ ನಗರದ ಮಧ್ಯಭಾಗದ ಕಟ್ಟಡಗಳನ್ನು 2004ರಿಂದ ತಂಪಾಗಿಸುತ್ತಿರುವುದು ಒಂಟಾರಿಯೊ ಸರೋವರದ ನೀರು. 83 ಮೀಟರ್ ಆಳದಲ್ಲಿ ವರ್ಷವಿಡೀ 4 ಡಿಗ್ರಿ ಇರುವ ನೀರನ್ನು ಎಳೆದು, ಅದರ ತಂಪನ್ನು ಎ.ಸಿ. ವ್ಯವಸ್ಥೆಗೆ ದಾಟಿಸಿ, ಆಮೇಲೆ ಅದೇ ನೀರನ್ನು ಕುಡಿಯಲು ನಲ್ಲಿಗೆ ಬಿಡುತ್ತಾರೆ.

● ಜರ್ಮನಿಯ ಸ್ಟುಟ್‌ಗಾರ್ಟ್ ಪಾಲಿಕೆ 1995ರಲ್ಲಿ ತನ್ನೊಳಗೇ ಒಂದು ಸಣ್ಣ ಬ್ಯಾಂಕು ತೆರೆದಂತೆ ಮಾಡಿತು. ಶಾಲೆಯೊಂದರ ಬಾಯ್ಲರ್ ಹಳತಾಗಿದೆ ಎನ್ನಿ. ಪಾಲಿಕೆಯ ಇಂಧನ ವಿಭಾಗ ಹೊಸದು ಹಾಕಿಸಲು ಹಣ ಕೊಡುತ್ತದೆ. ಶಾಲೆ ಉಳಿದ ಬಿಲ್ಲಿನ ಮೊತ್ತವನ್ನೇ ವರ್ಷವರ್ಷ ವಾಪಸ್ ಕಟ್ಟುತ್ತದೆ. ಆ ಹಣ ಮುಂದಿನ ಶಾಲೆಗೆ. ಇಂಗ್ಲೆಂಡಿನ ವೋಕಿಂಗ್ ಎಂಬ ಪಟ್ಟಣ 1990ರ ದಶಕದಲ್ಲಿ ಇದೇ ಬಗೆಯಲ್ಲಿ ಉಳಿಸಿದ್ದನ್ನು ಮತ್ತೆ ಹೂಡುತ್ತ ಹೋಗಿ ಹೆಸರು ಮಾಡಿತು. ನಮ್ಮಲ್ಲಿ ಬಿಲ್ ಇಳಿದರೆ ಮುಂದಿನ ವರ್ಷ ಆ ಲೆಕ್ಕಶೀರ್ಷಿಕೆಯ ಅನುದಾನವೇ ಇಳಿಯುತ್ತದೆ, ಉಳಿಸಿದವರಿಗೆ ಏನೂ ಸಿಗುವುದಿಲ್ಲ. ಉಳಿಸಿದ ಹಣದಲ್ಲಿ ಒಂದು ಪಾಲು ಉಳಿಸಿದವರ ಬಳಿಯೇ ನಿಲ್ಲಲಿ ಎಂಬ ಒಂದು ಸರ್ಕಾರಿ ಆದೇಶ ಬಂದರೆ ಎಷ್ಟೋ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಹುರುಪಿನಿಂದ ಎದ್ದು ನಿಲ್ಲುತ್ತಾರೆ.

● ಆಸ್ಟ್ರಿಯಾದ ಗುಸ್ಸಿಂಗ್ ಸುಮಾರು ನಾಲ್ಕು ಸಾವಿರ ಜನರ ಬಡ ಪಟ್ಟಣವಾಗಿತ್ತು. 1990ರ ಸುಮಾರಿಗೆ ಕಲ್ಲಿದ್ದಲು, ತೈಲ ಬಿಡಬೇಕೆಂದು ನಿರ್ಧರಿಸಿತು. ಅವರು ಮೊದಲು ಮಾಡಿದ್ದು ಸ್ಥಾವರ ಕಟ್ಟುವುದಲ್ಲ. ಸರ್ಕಾರಿ ಕಟ್ಟಡಗಳ ಸೋರಿಕೆ ಮುಚ್ಚಿ, ಬೀದಿದೀಪ ಬದಲಿಸಿ, ಪಟ್ಟಣದ ಇಂಧನ ಖರ್ಚನ್ನು ಅರ್ಧದ ಹತ್ತಿರಕ್ಕೆ ತಂದರು. ಮರದ ಅನಿಲದ ಸ್ಥಾವರ ಬಂದದ್ದು ಅದಾಗಿ ಹತ್ತು ವರ್ಷಕ್ಕೆ.

● ಟೋಕಿಯೊ ಮಹಾನಗರ ಸರ್ಕಾರ 2010ರಿಂದ ದೊಡ್ಡ ಕಚೇರಿ ಕಟ್ಟಡ, ಕಾರ್ಖಾನೆಗಳಿಗೆ ಇಂಗಾಲದ ಮಿತಿ ಹಾಕಿದೆ. ಮಿತಿಗಿಂತ ಹೆಚ್ಚು ಇಳಿಸಿದವರು ಉಳಿದದ್ದನ್ನು ಇತರರಿಗೆ ಮಾರಬಹುದು. ನ್ಯೂಯಾರ್ಕ್ ನಗರ 2019ರ ಕಾನೂನಿನಲ್ಲಿ 25,000 ಚದರ ಅಡಿ ಮೀರಿದ ಕಟ್ಟಡಗಳಿಗೆ ಮಿತಿ ಇಟ್ಟಿದೆ. ಮೀರಿದರೆ ಟನ್ನಿಗೆ 268 ಡಾಲರ್ ದಂಡ. 

● ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದಲ್ಲಿ ನಾಲ್ಕು ಸಾವಿರದಷ್ಟು ಜನ. 1997ರಲ್ಲಿ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು, ಹತ್ತು ವರ್ಷದಲ್ಲಿ ತಾನು ಬಳಸುವಷ್ಟನ್ನು ಗಾಳಿ, ಹುಲ್ಲು, ಬಿಸಿಲಿನಿಂದ ತಾನೇ ತಯಾರಿಸುವ ಮಟ್ಟಕ್ಕೆ ಬಂತು. ನೆಲದ ಮೇಲಿನ 11 ಗಾಳಿಯಂತ್ರಗಳಲ್ಲಿ ಹೆಚ್ಚಿನವು ರೈತರವು. ಸಮುದ್ರದಲ್ಲಿರುವ 10ರಲ್ಲಿ ಐದು ಅಲ್ಲಿನ ಪುರಸಭೆಯದು. ತನ್ನ ಪಾಲು ಇರುವ ಯಂತ್ರದ ಸದ್ದು ಯಾರಿಗೂ ಕಿರಿಕಿರಿ ಎನಿಸುವುದಿಲ್ಲ.

● ಸ್ವೀಡನ್ನಿನ ವ್ಯಾಕ್ಶೊ ನಗರಸಭೆ 1996ರಲ್ಲಿ, ಪಕ್ಷಭೇದವಿಲ್ಲದೆ, ನೆಲದಡಿಯ ಇಂಧನ ಬಿಡುವ ಠರಾವು ಮಾಡಿತು. ಅದಕ್ಕೂ ಮೊದಲೇ, 1980ರಲ್ಲಿ, ಊರಿನ ಬಿಸಿನೀರಿನ ಸ್ಥಾವರ ತೈಲದ ಜಾಗದಲ್ಲಿ ಮರದ ಚೂರು ಉರಿಸಲು ಶುರುಮಾಡಿತ್ತು.

● ಗುರಿ ತಪ್ಪಿದವರೂ ಇದ್ದಾರೆ. ಕೋಪನ್‌ಹೇಗನ್ 2025ಕ್ಕೆ ಇಂಗಾಲ ಸಮತೋಲನ ಎಂದು ಜಗತ್ತಿಗೆ ಸಾರಿತ್ತು. ಕಸ ಸುಡುವ ಸ್ಥಾವರದ ಹೊಗೆಯಿಂದ ಇಂಗಾಲ ಹಿಡಿಯುವ ಯೋಜನೆಗೆ ಹಣ ಹೊಂದಿಸಲಾಗದೆ, 2022ರಲ್ಲಿ ಆ ಗುರಿ ಕೈಗೂಡದು ಎಂದು ಬಹಿರಂಗವಾಗಿ ಹೇಳಿತು. ಆ ಹೊತ್ತಿಗೆ 2005ಕ್ಕೆ ಹೋಲಿಸಿದರೆ ಮುಕ್ಕಾಲು ಪಾಲಿನಷ್ಟು ಇಳಿಸಿಯೂ ಆಗಿತ್ತು. ಹೀಗೆ ಲೆಕ್ಕ ಒಪ್ಪಿಸಿ ಹೇಳುವ ಪಾಲಿಕೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

● ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನಾಯಿಯಲ್ಲಿ 2014ರಲ್ಲಿ 100 ಕಿಲೋವ್ಯಾಟ್ ಸೌರ ಮೈಕ್ರೊಗ್ರಿಡ್ ಶುರುವಾದಾಗ ದೇಶವೆಲ್ಲ ಸುದ್ದಿ. ಸ್ವಯಂಸೇವಾ ಸಂಸ್ಥೆಗಳು ಕಟ್ಟಿಕೊಟ್ಟ ಆ ಊರಿನ ಸೌರ ಕರೆಂಟಿಗೆ ಫ್ರಿಜ್ಜು, ದೊಡ್ಡ ಉಪಕರಣ ಹಾಕುವಂತಿರಲಿಲ್ಲ. ಅಷ್ಟರಲ್ಲಿ ಕಡಿಮೆ ದರದ ಸರ್ಕಾರಿ ಕರೆಂಟೂ ಬಂತು. ಮೂರ್ನಾಲ್ಕು ವರ್ಷಕ್ಕೆ ಬ್ಯಾಟರಿ ಸತ್ತವು. ಬದಲಿಸುವ ಹಣ ಯಾರ ಬಳಿಯೂ ಇರಲಿಲ್ಲ. 2021ರ ಹೊತ್ತಿಗೆ ಫಲಕಗಳ ಅಡಿಯಲ್ಲಿ ದನ ಕಟ್ಟುತ್ತಿದ್ದರು. ತಪ್ಪು ಬಿಸಿಲಿನದಲ್ಲ, ಊರಿನವರದೂ ಅಲ್ಲ. ಉದ್ಘಾಟನೆಯ ಮರುದಿನದಿಂದ ಏನು ಎಂಬ ಪುಟವನ್ನು ಯೋಜನೆಯಲ್ಲಿ ಯಾರೂ ಬರೆದಿರಲಿಲ್ಲ.

● ಡೆನ್ಮಾರ್ಕ್ 1979ರಲ್ಲೇ ಶಾಖ ಪೂರೈಕೆ ಕಾನೂನು ತಂದು, ಯಾವ ಬೀದಿಗೆ ಯಾವ ಮೂಲದಿಂದ ಬಿಸಿ ಎಂಬ ನಕ್ಷೆ ಮಾಡುವ ಹೊಣೆಯನ್ನು ಪುರಸಭೆಗಳಿಗೆ ಕೊಟ್ಟಿತು. ಇಂದು ಅಲ್ಲಿನ ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳು ಊರಿಗೊಂದು ಎಂಬಂತಿರುವ ಸ್ಥಾವರಗಳ ಪೈಪಿನಿಂದ ಬೆಚ್ಚಗಿರುತ್ತವೆ. ಜರ್ಮನಿ ಈ ದಾರಿಗೆ ಬಂದದ್ದು ತಡವಾಗಿ. 2024ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಶಾಖ ಯೋಜನೆ ಮುಗಿಸಲು 2026ರ ಜೂನ್ 30, ಉಳಿದ ಊರುಗಳಿಗೆ 2028ರ ಜೂನ್ 30 ಗಡುವು. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಸರಳ ವಿಧಾನವಿದೆ, ಅಕ್ಕಪಕ್ಕದ ಊರುಗಳು ಸೇರಿ ಒಂದೇ ಯೋಜನೆ ಮಾಡಬಹುದು. ಮಾಡಿದ ಯೋಜನೆಯನ್ನು ಐದು ವರ್ಷಕ್ಕೊಮ್ಮೆಯಾದರೂ ತೆರೆದು ಪರಿಶೀಲಿಸಬೇಕು ಎಂದೂ ಅದೇ ಕಾನೂನು ಹೇಳುತ್ತದೆ.